ನಬಾಬರ ಗಂಟು ಕಡಲು ದಾಟಿದ ಬಗೆ

1757ರ ಜುಲೈ ತಿಂಗಳ ಮಾತು. ಬಂಗಾಳದ ರಾಜಧಾನಿ ಮುರ್ಷಿದಾಬಾದಿನಿಂದ ಕಲ್ಕತ್ತೆಯ ಕಡೆಗೆ ನೂರು ದೋಣಿಗಳ ಸಾಲೊಂದು ನದಿಯ ಮೇಲೆ ಇಳಿದು ಬಂತು. ಬಾವುಟಗಳು ಹಾರಾಡುತ್ತಿದ್ದವು, ವಾದ್ಯಗಳು ಮೊಳಗುತ್ತಿದ್ದವು. ದೋಣಿಗಳಲ್ಲಿದ್ದುದು 700 ಪೆಟ್ಟಿಗೆಗಳು. ಅವುಗಳ ತುಂಬ 72 ಲಕ್ಷಕ್ಕೂ ಮೀರಿದ ಬೆಳ್ಳಿಯ ರೂಪಾಯಿಗಳು. ಪ್ಲಾಸಿ ಕದನ ಮುಗಿದು ಆಗಿನ್ನೂ ಎರಡು ವಾರವಾಗಿತ್ತು. ಇಂಗ್ಲಿಷರ ನೆರವಿನಿಂದ ಗದ್ದುಗೆ ಏರಿದ ಮೀರ್ ಜಾಫರ್, ತಾನು ಒಪ್ಪಿಕೊಂಡಿದ್ದ ಹಣದ ಮೊದಲ ಕಂತನ್ನು ಸಲ್ಲಿಸಿದ್ದ.

ಆ ಹಣ ಈಸ್ಟ್ ಇಂಡಿಯಾ ಕಂಪನಿಗೂ ಕಲ್ಕತ್ತೆಯಲ್ಲಿ ಆಸ್ತಿ ಕಳೆದುಕೊಂಡವರಿಗೂ ಸೇರಬೇಕಾದದ್ದು. ಕಂಪನಿಯ ಅಧಿಕಾರಿಗಳಿಗೆ ಖಾಸಗಿಯಾಗಿ ಸಂದ ಕಾಣಿಕೆಗಳ ಲೆಕ್ಕವೇ ಬೇರೆ. ರಾಬರ್ಟ್ ಕ್ಲೈವ್ ಒಬ್ಬನಿಗೇ ಸಿಕ್ಕಿದ್ದು 2,34,000 ಪೌಂಡ್. ಆಗ ಒಂದು ಪೌಂಡಿಗೆ ಸುಮಾರು ಒಂಬತ್ತು ರೂಪಾಯಿ. ಕಂಪನಿಯ ಕೆಳದರ್ಜೆಯ ಗುಮಾಸ್ತನಿಗೆ ವರ್ಷಕ್ಕೆ ಐದು ಪೌಂಡ್ ಸಂಬಳವಿದ್ದ ಕಾಲವದು. ಕ್ಲೈವನಿಗೆ ಆಗ ಕೇವಲ 31 ವರ್ಷ.

ಕ್ಲೈವನಾಗಲಿ ಅವನ ಜೊತೆಯವರಾಗಲಿ ಬಂಗಾಳದಲ್ಲಿ ನೆಲೆಸಲು ಬಂದವರಲ್ಲ. ಒಂದಷ್ಟು ವರ್ಷ ದುಡಿದು, ಜ್ವರಕ್ಕೆ ಬಲಿಯಾಗದೆ ಉಳಿದರೆ, ಸ್ವದೇಶಕ್ಕೆ ಮರಳಿ ಭೂಮಿ ಕೊಂಡು, ಪಾರ್ಲಿಮೆಂಟಿನಲ್ಲಿ ಒಂದು ಸ್ಥಾನ ಸಂಪಾದಿಸಿ ದೊಡ್ಡಮನುಷ್ಯರಂತೆ ಬಾಳಬೇಕೆಂಬುದು ಅವರೆಲ್ಲರ ಆಸೆ. ಹೀಗೆ ಗಂಟು ಕಟ್ಟಿಕೊಂಡು ಹಿಂದಿರುಗಿದವರನ್ನು ಇಂಗ್ಲೆಂಡಿನ ಜನ ನಮ್ಮ ‘ನವಾಬ’ ಪದವನ್ನೇ ತಿರುಚಿ ‘ನಬಾಬ್’ ಎಂದು ಹಂಗಿಸುತ್ತಿದ್ದರು. ಅವರ ದೌಲತ್ತಿನ ಬಗ್ಗೆ, ದಬ್ಬಾಳಿಕೆಯ ಬಗ್ಗೆ ಸಾಕಷ್ಟು ಬರೆದದ್ದಿದೆ. ಆದರೆ ಸರಳವಾದ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಹಣವಿದ್ದುದು ಕಲ್ಕತ್ತೆಯಲ್ಲಿ, ಬೇಕಾಗಿದ್ದುದು ಲಂಡನ್ನಿನಲ್ಲಿ. ನಡುವೆ ಆರು ತಿಂಗಳ ಹಡಗಿನ ದಾರಿ. ಬ್ಯಾಂಕಿಲ್ಲ, ತಂತಿಯಿಲ್ಲ. ಅಷ್ಟು ದೊಡ್ಡ ಮೊತ್ತ ಅಲ್ಲಿಗೆ ತಲುಪಿದ್ದಾದರೂ ಹೇಗೆ?

ಬೆಳ್ಳಿಯನ್ನೇ ಒಯ್ಯಬಾರದಿತ್ತೆ?

ಪೆಟ್ಟಿಗೆಗಳನ್ನು ದೋಣಿಯಿಂದ ಹಡಗಿಗೆ ಏರಿಸಿದರೆ ಮುಗಿಯಿತಲ್ಲ ಎನಿಸಬಹುದು. ಬಿರುಗಾಳಿಯ ಭಯವಿತ್ತು, ಫ್ರೆಂಚರ ಯುದ್ಧನೌಕೆಗಳ ಭಯವೂ ಇತ್ತು. ಅದಕ್ಕಿಂತ ದೊಡ್ಡ ಅಡ್ಡಿ ಪೇಟೆಯ ಲೆಕ್ಕದ್ದು. ಅದುವರೆಗೆ ಬೆಳ್ಳಿ ಹರಿಯುತ್ತಿದ್ದುದು ಯೂರೋಪಿನಿಂದ ಭಾರತದ ಕಡೆಗೆ. ಬಂಗಾಳದ ಮಸ್ಲಿನ್ ಬಟ್ಟೆ, ರೇಷ್ಮೆ, ಪೆಟ್ಲುಪ್ಪು ಯೂರೋಪಿಗೆ ಬೇಕಾಗಿದ್ದವು. ಯೂರೋಪಿನ ಸರಕು ಬಂಗಾಳಕ್ಕೆ ಅಷ್ಟಾಗಿ ಬೇಕಿರಲಿಲ್ಲ. ಆದ್ದರಿಂದ ಕಂಪನಿಯ ಹಡಗುಗಳು ಬರುವಾಗ ಬೆಳ್ಳಿ ತುಂಬಿಕೊಂಡು ಬಂದು, ಹೋಗುವಾಗ ಬಟ್ಟೆ ತುಂಬಿಕೊಂಡು ಹೋಗುತ್ತಿದ್ದವು. ಇಲ್ಲಿ ಬೆಲೆಬಾಳುವ ಬೆಳ್ಳಿಯನ್ನು ಬೆಲೆ ಕಡಿಮೆಯಿರುವ ಕಡೆಗೆ ಹೊತ್ತೊಯ್ದರೆ ದಾರಿಯಲ್ಲೇ ಗಂಟು ಕರಗಿದಂತೆ.

ದೇಶದೊಳಗಾದರೆ ಇದಕ್ಕೆ ಒಳ್ಳೆಯ ಉಪಾಯವಿತ್ತು. ಅದೇ ಹುಂಡಿ. ದೇವಸ್ಥಾನದ ಕಾಣಿಕೆ ಪೆಟ್ಟಿಗೆಯ ಹುಂಡಿಯಲ್ಲ, ವರ್ತಕರ ಹುಂಡಿ. ಮುರ್ಷಿದಾಬಾದಿನ ಸಾಹುಕಾರನಲ್ಲಿ ಹಣ ಕಟ್ಟಿ ಚೀಟಿ ಬರೆಸಿಕೊಂಡರೆ, ಸೂರತ್ತಿನಲ್ಲಿದ್ದ ಅವನ ಪ್ರತಿನಿಧಿ ಆ ಚೀಟಿ ನೋಡಿ ಹಣ ಎಣಿಸಿಕೊಡುತ್ತಿದ್ದ. ಜಗತ್ ಸೇಠ್ ಮನೆತನದಂಥ ದೊಡ್ಡ ಸಾಹುಕಾರರು ಈ ರೀತಿ ಲಕ್ಷಗಟ್ಟಲೆ ರೂಪಾಯಿಗಳನ್ನು ಊರಿಂದೂರಿಗೆ ದಾಟಿಸುತ್ತಿದ್ದರು. ಆದರೆ ಲಂಡನ್ನಿನಲ್ಲಿ ಅವರ ಅಂಗಡಿ ಇರಲಿಲ್ಲ.

ಹುಂಡಿಯ ಒಳಗುಟ್ಟನ್ನು ಇಲ್ಲಿ ಗಮನಿಸಬೇಕು. ಚೀಟಿಯ ಹಿಂದೆ ಹಣವೇನೂ ಪ್ರಯಾಣ ಮಾಡುವುದಿಲ್ಲ. ಆ ತುದಿಯಲ್ಲಿ ಯಾರದೋ ಹಣ ಸಿದ್ಧವಾಗಿರಬೇಕು, ಈ ತುದಿಯಲ್ಲಿ ಯಾರಿಗೋ ಹಣದ ಅಗತ್ಯವಿರಬೇಕು. ಎರಡನ್ನೂ ಕೊನೆಗೆ ಸರಿದೂಗಿಸುವುದು ಆ ದಾರಿಯಲ್ಲಿ ಓಡಾಡುವ ಸರಕು. ಒಬ್ಬ ನಬಾಬನ ಗಂಟು ಲಂಡನ್ ತಲುಪಬೇಕಾದರೆ ಅಷ್ಟೇ ಬೆಲೆಯ ಯಾವುದಾದರೊಂದು ವಸ್ತು ಭಾರತದಿಂದ ಹೊರಡಲೇಬೇಕು.

ವಜ್ರದ ದಾರಿ

ಅಂಥ ವಸ್ತುಗಳಲ್ಲಿ ಅತ್ಯಂತ ಹಗುರವಾದದ್ದು ವಜ್ರ. ಕೃಷ್ಣಾ ತೀರದ ಗೋಲ್ಕೊಂಡಾ ಗಣಿಗಳ ವಜ್ರಗಳು ಮದ್ರಾಸಿಗೆ ಬರುತ್ತಿದ್ದವು. ಅಂಗೈಯಲ್ಲಿ ಅಡಗುವ ಕಲ್ಲಿನಲ್ಲಿ ಜೀವಮಾನದ ಸಂಪಾದನೆಯನ್ನು ಹಿಡಿದಿಡಬಹುದಾಗಿತ್ತು.

ಈ ದಾರಿಯ ಹೆಸರಾಂತ ಪಥಿಕ ಥಾಮಸ್ ಪಿಟ್. 1698ರಿಂದ 1709ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು. ಜಾಮ್‌ಚಂದ್ ಎಂಬ ವಜ್ರದ ವ್ಯಾಪಾರಿ ಅವನ ಬಳಿಗೆ 410 ಕ್ಯಾರಟ್ ತೂಕದ ಕಲ್ಲೊಂದನ್ನು ತಂದು ಎರಡು ಲಕ್ಷ ವರಹ ಕೇಳಿದ. ಇಂಗ್ಲಿಷರು ‘ಪಗೋಡ’ ಎಂದು ಬರೆಯುತ್ತಿದ್ದ ನಾಣ್ಯ ವಿಜಯನಗರದ ಕಾಲದಿಂದ ಬಂದ ನಮ್ಮ ವರಹವೇ. ಚೌಕಾಸಿ ನಡೆದು ಕೊನೆಗೆ 48,000 ವರಹಕ್ಕೆ, ಎಂದರೆ ಸುಮಾರು 20,400 ಪೌಂಡಿಗೆ, ವ್ಯಾಪಾರ ಕುದುರಿತು. 1702ರಲ್ಲಿ ಪಿಟ್ ಅದನ್ನು ತನ್ನ ಮಗನ ಕೈಯಲ್ಲಿ ಇಂಗ್ಲೆಂಡಿಗೆ ಕಳುಹಿಸಿದ. ಅಲ್ಲಿ ಕತ್ತರಿಸಿ ಹೊಳಪು ಕೊಟ್ಟಾಗ ಉಳಿದದ್ದು ಸುಮಾರು 141 ಕ್ಯಾರಟ್. ಆದರೆ ಅಷ್ಟು ದುಬಾರಿ ಕಲ್ಲನ್ನು ಕೊಳ್ಳುವವರು ಯಾರು? 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ 1,35,000 ಪೌಂಡಿಗೆ ಕೊಳ್ಳುವವರೆಗೆ ಪಿಟ್ ಹದಿನೈದು ವರ್ಷ ಕಾದ. ಆ ವಜ್ರ ಇಂದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬಲದಿಂದ ಮೇಲೆದ್ದ ಮನೆತನ ಬ್ರಿಟನ್ನಿಗೆ ಇಬ್ಬರು ಪ್ರಧಾನಿಗಳನ್ನು ಕೊಟ್ಟಿತು. 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮೂಗುದಾರ ಹಾಕುವ ಶಾಸನ ತಂದ ಕಿರಿಯ ವಿಲಿಯಂ ಪಿಟ್, ಈ ವಜ್ರದ ಪಿಟ್‌ನ ಮರಿಮಗ.

ವಜ್ರಕ್ಕೂ ಮಿತಿಯಿತ್ತು. ಒಬ್ಬಿಬ್ಬರು ಒಯ್ದರೆ ಲಾಭ. ನೂರಾರು ಮಂದಿ ಒಯ್ದರೆ ಲಂಡನ್ನಿನಲ್ಲಿ ಬೆಲೆ ಬೀಳುತ್ತಿತ್ತು. ಪ್ಲಾಸಿಯ ನಂತರ ಬಂಗಾಳದಲ್ಲಿ ಕೂಡಿಬಿದ್ದ ಹಣವನ್ನು ಸಾಗಿಸಲು ವಜ್ರಗಳಷ್ಟೇ ಸಾಲುವಂತಿರಲಿಲ್ಲ.

ಎದುರಾಳಿಯ ಕೈಯಲ್ಲಿ ಗಂಟು

ಎರಡನೆಯ ದಾರಿ ಕಂಪನಿಯದೇ ಹುಂಡಿ. ಅಧಿಕಾರಿಯು ಕಲ್ಕತ್ತೆಯ ಖಜಾನೆಗೆ ರೂಪಾಯಿ ಕಟ್ಟುತ್ತಿದ್ದ. ಕಂಪನಿ ಆ ರೂಪಾಯಿಯಿಂದ ಬಟ್ಟೆ, ರೇಷ್ಮೆ ಕೊಂಡು ಲಂಡನ್ನಿಗೆ ಕಳುಹಿಸುತ್ತಿತ್ತು. ಅಧಿಕಾರಿಗೆ ಸಿಗುತ್ತಿದ್ದುದು ಲಂಡನ್ನಿನ ನಿರ್ದೇಶಕರ ಹೆಸರಿಗೆ ಬರೆದ ಚೀಟಿ. ಒಂದೇ ಚೀಟಿಯ ಹಲವು ಪ್ರತಿಗಳನ್ನು ಬರೆಸಿ ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವುದು ವಾಡಿಕೆ. ಒಂದು ಹಡಗು ಮುಳುಗಿದರೂ ಇನ್ನೊಂದರಲ್ಲಿದ್ದ ಪ್ರತಿ ತಲುಪುತ್ತಿತ್ತು. ಒಂದು ಪ್ರತಿಗೆ ಹಣ ಸಂದರೆ ಮಿಕ್ಕವು ರದ್ದು.

ಆದರೆ ನಿರ್ದೇಶಕರು ಈ ಚೀಟಿಗಳಿಗೆ ಮಿತಿ ಹಾಕುತ್ತಿದ್ದರು, ವಿನಿಮಯದ ದರವನ್ನೂ ತಾವೇ ಗೊತ್ತುಪಡಿಸುತ್ತಿದ್ದರು. ಜೊತೆಗೆ, ಯಾರ ಗಂಟು ಎಷ್ಟು ದೊಡ್ಡದೆಂಬುದು ಲಂಡನ್ನಿಗೆ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ಬಹಳ ಮಂದಿ ಮೂರನೆಯ ದಾರಿ ಹಿಡಿದರು. ಚಿನ್ಸುರಾದಲ್ಲಿದ್ದ ಡಚ್ಚರಿಗೂ ಚಂದ್ರನಗರದಲ್ಲಿದ್ದ ಫ್ರೆಂಚರಿಗೂ ಸರಕು ಕೊಳ್ಳಲು ರೂಪಾಯಿ ಬೇಕಿತ್ತು. ಇಂಗ್ಲಿಷ್ ಅಧಿಕಾರಿಗಳು ತಮ್ಮ ಹಣವನ್ನು ಅವರಿಗೆ ಕೊಟ್ಟು ಯೂರೋಪಿನಲ್ಲಿ ವಸೂಲು ಮಾಡಿಕೊಂಡರು. ಅನ್ನ ಕೊಟ್ಟ ಕಂಪನಿಯ ಎದುರಾಳಿಗಳಿಗೆ ಆ ಕಂಪನಿಯ ನೌಕರರೇ ಬಂಡವಾಳ ಒದಗಿಸಿದಂತಾಯಿತು.

1760ರಲ್ಲಿ ಊರಿಗೆ ಮರಳಿದ ಕ್ಲೈವ್ ಈ ಎಲ್ಲ ದಾರಿಗಳನ್ನೂ ಬಳಸಿದ್ದ. ಇತಿಹಾಸಕಾರ ಮೆಕಾಲೆ ಕೊಡುವ ಲೆಕ್ಕದ ಪ್ರಕಾರ ಡಚ್ ಕಂಪನಿಯ ಮೂಲಕ 1,80,000 ಪೌಂಡಿಗೂ ಹೆಚ್ಚು, ಇಂಗ್ಲಿಷ್ ಕಂಪನಿಯ ಮೂಲಕ 40,000 ಪೌಂಡಿಗೂ ಹೆಚ್ಚು. ಮದ್ರಾಸಿನಲ್ಲಿ ಕೊಂಡ ವಜ್ರಗಳೇ 25,000 ಪೌಂಡಿನವು. ವಿಚಿತ್ರವೆಂದರೆ 1759ರಲ್ಲಿ ಡಚ್ಚರ ಸೈನ್ಯ ಹೂಗ್ಲಿ ನದಿಗೆ ಬಂದಾಗ ಅದನ್ನು ಸದೆಬಡಿಯಲು ಆಜ್ಞೆ ಕೊಟ್ಟವನೂ ಕ್ಲೈವನೇ. ಆಗ ಅವನ ಸಂಪತ್ತಿನ ಬಹುಪಾಲು ಅದೇ ಡಚ್ಚರ ಕೈಯಲ್ಲಿತ್ತು!

ಹಣ ಸಾಗಿಸಲಾಗದೆ ಸೋತವರೂ ಇದ್ದರು. ವಾರನ್ ಹೇಸ್ಟಿಂಗ್ಸ್ 1765ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಮರಳಿದಾಗ, ಬಡ್ಡಿಯ ಆಸೆಯಿಂದ ತನ್ನ ಉಳಿತಾಯದ ಹೆಚ್ಚಿನ ಪಾಲನ್ನು ಬಂಗಾಳದಲ್ಲೇ ಬಿಟ್ಟಿದ್ದ. ಬಡ್ಡಿಯೂ ಬರಲಿಲ್ಲ, ಅಸಲೂ ಬರಲಿಲ್ಲ. ನಾಲ್ಕು ವರ್ಷಗಳ ನಂತರ ಸಾಲ ಮಾಡಿ ಮತ್ತೆ ಭಾರತದ ಹಡಗು ಹತ್ತಬೇಕಾಯಿತು. ಮುಂದೆ ಗವರ್ನರ್ ಜನರಲ್ ಆದವನ ಎರಡನೆಯ ಪಯಣದ ಹಿಂದೆ ಹೀಗೊಂದು ಕೈಕೊಟ್ಟ ಗಂಟಿನ ಕಥೆಯಿದೆ.

ಹುಂಡಿಗಳು ಬಾಗಿಲು ಬಡಿದಾಗ

1765ರಲ್ಲಿ ಕಂಪನಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ದೊರೆಯಿತು. ಎಂದರೆ ಕಂದಾಯ ವಸೂಲಿಯ ಹಕ್ಕು ಸಿಕ್ಕಿತು. ಅಲ್ಲಿಂದ ಲೆಕ್ಕ ತಲೆಕೆಳಗಾಯಿತು. ಸರಕು ಕೊಳ್ಳಲು ಯೂರೋಪಿನಿಂದ ಬೆಳ್ಳಿ ತರಬೇಕಾದ ಅಗತ್ಯ ಕಂಪನಿಗೆ ಉಳಿಯಲಿಲ್ಲ. ಬಂಗಾಳದ ರೈತ ಕೊಟ್ಟ ಕಂದಾಯದಿಂದಲೇ ಬಂಗಾಳದ ನೇಕಾರನ ಬಟ್ಟೆ ಕೊಂಡು ಹಡಗೇರಿಸಿದರಾಯಿತು. ಉಳಿದ ಸರಕಿಗೆ ನಬಾಬರ ಖಾಸಗಿ ಹಣವಿತ್ತು. ಹಡಗುಗಳು ಮೊದಲಿನಂತೆಯೇ ತುಂಬಿ ಹೋಗುತ್ತಿದ್ದವು, ಪ್ರತಿಯಾಗಿ ಬರುತ್ತಿದ್ದ ಬೆಳ್ಳಿ ಮಾತ್ರ ನಿಂತುಹೋಯಿತು. ಊರಿನ ವ್ಯವಹಾರಕ್ಕೆ ನಾಣ್ಯವೇ ಸಾಲದಾಯಿತು.

ಇದರ ನಡುವೆ 1769-70ರ ಘೋರ ಕ್ಷಾಮ ಬಂತು. ಜನಸಂಖ್ಯೆಯ ಮೂರನೆಯ ಒಂದು ಪಾಲಾದರೂ ಅಳಿಯಿತೆಂದು ಹೇಸ್ಟಿಂಗ್ಸನೇ ಲಂಡನ್ನಿಗೆ ಬರೆದ. ಆದರೂ ಗಂಟು ಸಾಗಿಸುವವರ ಅವಸರ ಕಡಿಮೆಯಾಗಲಿಲ್ಲ. 1771ರ ಹೊತ್ತಿಗೆ ಬಂಗಾಳದಿಂದ ಲಂಡನ್ನಿನ ಮೇಲೆ ಬರೆದ ಹುಂಡಿಗಳ ಮೊತ್ತ ಹತ್ತು ಲಕ್ಷ ಪೌಂಡನ್ನು ದಾಟಿತ್ತು. 1772ರಲ್ಲಿ ಅವುಗಳ ಗಡುವು ಬಂದಾಗ ಕಂಪನಿಯ ಬಳಿ ಹಣವಿರಲಿಲ್ಲ. ಉಗ್ರಾಣದಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಷೇರುದಾರರಿಗೆ ಮಿತಿಮೀರಿ ಲಾಭಾಂಶ ಹಂಚಲಾಗಿತ್ತು. ಆ ವರ್ಷವೇ ಲಂಡನ್ನಿನ ಸಾಲದ ಪೇಟೆಯೂ ಕುಸಿಯಿತು. ಕಾರಣಗಳು ಹಲವಾದರೂ ಹುಂಡಿಗಳ ಹೊರೆ ಅವುಗಳಲ್ಲಿ ಮುಖ್ಯವಾದದ್ದು.

ಕಂಪನಿ ಸರಕಾರದ ಮುಂದೆ ಕೈಯೊಡ್ಡಿತು. 1773ರಲ್ಲಿ 14 ಲಕ್ಷ ಪೌಂಡ್ ಸಾಲ ದೊರೆಯಿತು. ಜೊತೆಗೆ ರೆಗ್ಯುಲೇಟಿಂಗ್ ಕಾಯಿದೆಯ ಕಡಿವಾಣವೂ ಬಿತ್ತು. ಭಾರತದಿಂದ ಬರುವ ಹುಂಡಿಗಳನ್ನು ವರ್ಷಕ್ಕೆ ಮೂರು ಲಕ್ಷ ಪೌಂಡಿಗಿಂತ ಹೆಚ್ಚು ಒಪ್ಪಬಾರದೆಂದು ಮಿತಿ ಹಾಕಲಾಯಿತು. ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದ ವಸಾಹತುಗಳಲ್ಲಿ ನೇರವಾಗಿ ಮಾರಲು ಅದೇ ವರ್ಷ ಅನುಮತಿಯೂ ಸಿಕ್ಕಿತು. ಆ ಚಹಾವನ್ನು ಡಿಸೆಂಬರ್ 16ರಂದು ಬಾಸ್ಟನ್ ಬಂದರಿನ ಜನ ಸಮುದ್ರಕ್ಕೆ ಸುರಿದದ್ದು, ಅದರಿಂದ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ದಾರಿಯಾದದ್ದು ಎಲ್ಲರಿಗೂ ತಿಳಿದ ಸಂಗತಿ.

ಅಫೀಮು, ಚಹಾ, ನೀಲಿ

ಒಂದು ಬಾಗಿಲು ಕಿರಿದಾದರೆ ಹಣ ಇನ್ನೊಂದು ಬಾಗಿಲು ಹುಡುಕುತ್ತದೆ. ಈ ಬಾರಿ ಸಿಕ್ಕಿದ್ದು ಚೀನಾದ ಕ್ಯಾಂಟನ್ ಬಂದರು. ಇಂಗ್ಲೆಂಡಿಗೆ ಚಹಾ ಬೇಕು. ಚೀನೀಯರು ಅದಕ್ಕೆ ಬೆಳ್ಳಿ ಕೇಳುತ್ತಾರೆ. ನಬಾಬರ ಸಾಲ ಪಡೆದ ಖಾಸಗಿ ವರ್ತಕರು ಭಾರತದ ಹತ್ತಿಯನ್ನೂ ಅಫೀಮನ್ನೂ ಚೀನಾದಲ್ಲಿ ಮಾರಿ ಬೆಳ್ಳಿ ಗಳಿಸಿದರು. ಅದನ್ನು ಕ್ಯಾಂಟನ್ನಿನ ಕಂಪನಿ ಖಜಾನೆಗೆ ಕಟ್ಟಿ ಲಂಡನ್ನಿನ ಮೇಲೆ ಹುಂಡಿ ಪಡೆದರು. ಕಂಪನಿ ಆ ಬೆಳ್ಳಿಯಿಂದ ಚಹಾ ಕೊಂಡಿತು. ಪಟ್ನಾದ ಅಫೀಮು ಹೀಗೆ ಲಂಡನ್ನಿನ ಪೌಂಡಾಗಿ ಮಾರ್ಪಟ್ಟಿತು. ಬಂಗಾಳದ ಅಫೀಮಿನ ಏಕಸ್ವಾಮ್ಯವನ್ನು 1773ರಲ್ಲಿ ಹೇಸ್ಟಿಂಗ್ಸ್ ಕಂಪನಿಯ ಕೈಗೆ ತಂದಿದ್ದ. ಈ ವ್ಯಾಪಾರ ಬೆಳೆದು 1839ರಲ್ಲಿ ಚೀನಾದೊಡನೆ ಯುದ್ಧವೇ ಆಯಿತು.

ಇನ್ನೊಂದು ಸರಕು ನೀಲಿ. ಅಧಿಕಾರಿಗಳು ತಮ್ಮ ಉಳಿತಾಯವನ್ನು ಕಲ್ಕತ್ತೆಯ ಏಜೆನ್ಸಿ ಸಂಸ್ಥೆಗಳಲ್ಲಿ ಇಡುತ್ತಿದ್ದರು. ಆ ಸಂಸ್ಥೆಗಳು ನೀಲಿ ತೋಟದ ಸಾಹೇಬರಿಗೆ ಸಾಲ ಕೊಡುತ್ತಿದ್ದವು. ತೋಟದ ಸಾಹೇಬ ರೈತನಿಗೆ ಮುಂಗಡ ಕೊಟ್ಟು, ಬತ್ತ ಬೆಳೆಯುವ ನೆಲದಲ್ಲಿ ನೀಲಿ ಬಿತ್ತಿಸುತ್ತಿದ್ದ. ನೀಲಿ ಲಂಡನ್ನಿನಲ್ಲಿ ಮಾರಾಟವಾದಾಗ ಬಂದ ಹಣದಲ್ಲಿ ಅಧಿಕಾರಿಯ ಗಂಟು ಅವನ ಊರಿನಲ್ಲೇ ಕೈಸೇರುತ್ತಿತ್ತು. ನೀಲಿಯ ಬೆಲೆ ಕುಸಿದಾಗ 1830ರ ಜನವರಿಯಲ್ಲಿ ಪಾಮರ್ ಅಂಡ್ ಕಂಪನಿ ದಿವಾಳಿಯಾಯಿತು; ನಾಲ್ಕೇ ವರ್ಷಗಳಲ್ಲಿ ಮಿಕ್ಕ ದೊಡ್ಡ ಸಂಸ್ಥೆಗಳೂ ಉರುಳಿದವು. ಅನೇಕ ಅಧಿಕಾರಿಗಳ ಮುಪ್ಪಿನ ಆಸರೆ ನೀರುಪಾಲಾಯಿತು. ಆದರೆ ನೀಲಿ ಬೇಸಾಯದ ಬಲವಂತ ನಿಲ್ಲಲಿಲ್ಲ. 1859ರಲ್ಲಿ ಬಂಗಾಳದ ರೈತರು ‘ಇನ್ನು ಬಿತ್ತುವುದಿಲ್ಲ’ ಎಂದು ಎದ್ದು ನಿಂತರು.

ಶ್ರೀರಂಗಪಟ್ಟಣದ ಪಾಲು

ಈ ಕಥೆಯಲ್ಲಿ ಕನ್ನಡನಾಡಿನ ಪಾಲೂ ಇದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದ ಅರಮನೆಯ ಸಂಪತ್ತನ್ನು ಯುದ್ಧದ ಗೆಲುವಿನ ಹಣವೆಂದು ಸೈನ್ಯಕ್ಕೆ ಹಂಚಲಾಯಿತು. ಒಟ್ಟು ಬೆಲೆ 11 ಲಕ್ಷ ಪೌಂಡಿಗೂ ಮೀರಿತ್ತು. ನಾಣ್ಯ ಸಾಲದೆ ಒಂದಂಶವನ್ನು ಒಡವೆಗಳ ರೂಪದಲ್ಲೇ ಕೊಟ್ಟರು. ಒಯ್ಯಲು ಅದೇ ಅನುಕೂಲ. ಸೇನಾಪತಿ ಹ್ಯಾರಿಸನಿಗೆ ಎಂಟನೆಯ ಒಂದು ಪಾಲು, 1,42,902 ಪೌಂಡ್ ಬಂತು. ಇದು ಹೆಚ್ಚಾಯಿತೆಂದು ತಕರಾರು ಎದ್ದು ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋದರೂ ಗೆದ್ದವನು ಹ್ಯಾರಿಸನೇ. ಆ ಹಣದಿಂದ ಅವನು 1801ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಬೆಲ್ಮಂಟ್ ಎಂಬ ಎಸ್ಟೇಟು ಕೊಂಡ. 1815ರಲ್ಲಿ ಅವನಿಗೆ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಂಟ್ ಮೂರೂ ಸೇರಿದವು. ಗಂಟು ಬಂದ ಊರೂ ಗಂಟು ಸೇರಿದ ಊರೂ ಒಂದೇ ಬಿರುದಿನಲ್ಲಿ ಕೂಡಿದವು.

ಗಂಟು ಹೋಗಿ ಪಿಂಚಣಿ ಬಂತು

ಕಾಣಿಕೆ, ಖಾಸಗಿ ವ್ಯಾಪಾರಗಳನ್ನು ನಿಷೇಧಿಸಿ ಅಧಿಕಾರಿಗಳಿಗೆ ಭಾರೀ ಸಂಬಳ ನಿಗದಿಯಾದ ಮೇಲೆ ನಬಾಬರ ಕಾಲ ಮುಗಿಯಿತು. ಅವರ ಜಾಗಕ್ಕೆ ಬಂದವರು ಪಿಂಚಣಿದಾರರು. ಹಣ ಸಾಗಿಸುವ ತಾಪತ್ರಯ ಈಗ ವ್ಯಕ್ತಿಯದಲ್ಲ, ಸರಕಾರದ್ದು. ಲಂಡನ್ನಿನಲ್ಲಿದ್ದ ಭಾರತ ಸಚಿವ ‘ಕೌನ್ಸಿಲ್ ಬಿಲ್’ ಎಂಬ ಚೀಟಿಗಳನ್ನು ಮಾರುತ್ತಿದ್ದ. ಭಾರತದ ಗೋಧಿ, ಹತ್ತಿ, ಸೆಣಬು ಕೊಳ್ಳುವ ವರ್ತಕರು ಅವನಿಗೆ ಪೌಂಡ್ ಕೊಟ್ಟು ಚೀಟಿ ಪಡೆಯುತ್ತಿದ್ದರು. ಭಾರತದ ಖಜಾನೆ ಆ ಚೀಟಿಗೆ ಇಲ್ಲಿ ರೂಪಾಯಿ ಎಣಿಸುತ್ತಿತ್ತು. ಲಂಡನ್ನಿನಲ್ಲಿ ಸೇರಿದ ಪೌಂಡಿನಿಂದ ಸಾಲದ ಬಡ್ಡಿ, ಕಚೇರಿಯ ಖರ್ಚು, ನಿವೃತ್ತರ ಪಿಂಚಣಿ ಸಲ್ಲುತ್ತಿದ್ದವು. ಹಳೆಯ ಹುಂಡಿಯೇ, ತುದಿ ಮಾತ್ರ ಅದಲು ಬದಲು.

ಸಿವಿಲ್ ಸರ್ವಿಸ್ ಅಧಿಕಾರಿಯ ಪಿಂಚಣಿ ವರ್ಷಕ್ಕೆ 1,000 ಪೌಂಡ್. ರೂಪಾಯಿಗೆ ಎರಡು ಶಿಲಿಂಗ್ ಇದ್ದಾಗ ಅದಕ್ಕೆ ಬೇಕಾದದ್ದು 10,000 ರೂಪಾಯಿ. 1870ರ ದಶಕದಿಂದ ಬೆಳ್ಳಿಯ ಬೆಲೆ ಇಳಿಯುತ್ತ ಹೋಗಿ, 1894-95ರಲ್ಲಿ ರೂಪಾಯಿ ಸುಮಾರು ಒಂದು ಶಿಲಿಂಗ್ ಒಂದು ಪೆನ್ನಿಗೆ ಬಿದ್ದಾಗ ಅದೇ ಪಿಂಚಣಿಗೆ 18,000ಕ್ಕೂ ಹೆಚ್ಚು ರೂಪಾಯಿ ಬೇಕಾಯಿತು. ಪಿಂಚಣಿದಾರನಿಗೆ ಒಂದು ಪೆನ್ನಿಯೂ ಹೆಚ್ಚು ಸಿಗಲಿಲ್ಲ. ಇಲ್ಲಿನ ತೆರಿಗೆದಾರನ ಹೊರೆ ಮಾತ್ರ ಬೆಳೆಯಿತು.

ದಾದಾಭಾಯಿ ನವರೋಜಿಯವರು ದಶಕಗಳ ಕಾಲ ಎತ್ತಿ ತೋರಿಸಿದ್ದು ಇದನ್ನೇ. ಅವರ ಆಕ್ಷೇಪ ಪಿಂಚಣಿ ಪಡೆದ ವ್ಯಕ್ತಿಗಳ ಮೇಲಲ್ಲ. ಒಂದು ನಾಡಿನಲ್ಲಿ ಗಳಿಸಿದ್ದು, ಅಲ್ಲಿ ಪಡೆದ ಅನುಭವ, ಎರಡೂ ಇನ್ನೊಂದು ನಾಡಿಗೆ ಹೋಗಿ ಎಂದೂ ಮರಳದಿದ್ದರೆ ಆ ನಾಡು ಬಡವಾಗುತ್ತದೆ ಎಂಬುದು ಅವರ ವಾದ. 1901ರಲ್ಲಿ ಪ್ರಕಟವಾದ ಅವರ ಗ್ರಂಥ, ಅದರ ಬೆನ್ನಿಗೇ ಬಂದ ರಮೇಶಚಂದ್ರ ದತ್ತರ ಆರ್ಥಿಕ ಇತಿಹಾಸ, ಈ ‘ಸಂಪತ್ತಿನ ಸೋರಿಕೆ’ಯನ್ನು ರಾಷ್ಟ್ರೀಯ ಹೋರಾಟದ ಮುಖ್ಯ ವಿಷಯವಾಗಿಸಿದವು. ಸೋರಿಕೆಯ ಪ್ರಮಾಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ನಬಾಬರ ಲೆಕ್ಕಪತ್ರಗಳನ್ನು ಕೆದಕಿದ ಇತಿಹಾಸಕಾರ ಪಿ. ಜೆ. ಮಾರ್ಷಲ್, 1757ರಿಂದ 1784ರವರೆಗೆ ಬಂಗಾಳದಿಂದ ಖಾಸಗಿ ವ್ಯಕ್ತಿಗಳು ಸಾಗಿಸಿದ್ದು ಸುಮಾರು ಒಂದೂವರೆ ಕೋಟಿ ಪೌಂಡ್ ಎಂದು ಅಂದಾಜು ಮಾಡಿದ್ದಾರೆ.

ಈ ಕಥೆಯ ಕೊನೆಯ ಕಂತು ಸಂದದ್ದು ಸ್ವಾತಂತ್ರ್ಯದ ನಂತರ. ಎರಡನೆಯ ಮಹಾಯುದ್ಧದಲ್ಲಿ ಭಾರತ ಒದಗಿಸಿದ ಸರಕು, ಸೇವೆಗಳಿಗಾಗಿ ಬ್ರಿಟನ್ ಕೊಡಬೇಕಾಗಿದ್ದ ಭಾರೀ ಮೊತ್ತ ಲಂಡನ್ನಿನಲ್ಲಿ ನಮ್ಮ ಹೆಸರಿನಲ್ಲಿ ಜಮೆಯಾಗಿತ್ತು. 1948ರ ಜುಲೈನ ಒಪ್ಪಂದದಂತೆ ಅದರಿಂದ 16 ಕೋಟಿ 80 ಲಕ್ಷ ಪೌಂಡ್, ಆಗಿನ ದರದಲ್ಲಿ 224 ಕೋಟಿ ರೂಪಾಯಿ, ಬ್ರಿಟಿಷ್ ಸರಕಾರಕ್ಕೆ ಇಡಿಗಂಟಾಗಿ ಸಂದಿತು. ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ ಬೇಕಾದ ಹಣ ವರ್ಷವರ್ಷವೂ ಅದರಿಂದಲೇ ದೊರೆಯುವಂತೆ ಏರ್ಪಾಡಾಯಿತು. ಹೊಸದಾಗಿ ಸ್ವತಂತ್ರವಾದ, ಅನ್ನಕ್ಕೆ ಪರದಾಡುತ್ತಿದ್ದ ದೇಶವೊಂದು ತನ್ನನ್ನು ಆಳಿದವರ ಮುಪ್ಪಿಗೆ ಮುಂಗಡವಾಗಿಯೇ ಹಣ ಕಟ್ಟಿತು.

ಇಂದು ಮಕ್ಕಳ ಬಳಿ ನೆಲೆಸಲು ವಿದೇಶಕ್ಕೆ ಹೊರಡುವ ನಮ್ಮ ಹಿರಿಯರೂ ಜೀವಮಾನದ ಉಳಿತಾಯವನ್ನು ಕಡಲಾಚೆಗೆ ಕಳುಹಿಸುತ್ತಾರೆ. 2004ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ಯೋಜನೆ ತಂದಿತು. ಭಾರತದ ನಿವಾಸಿಯೊಬ್ಬ ವರ್ಷಕ್ಕೆ ಕಳುಹಿಸಬಹುದಾದ ಮಿತಿ 2015ರಲ್ಲಿ ಎರಡೂವರೆ ಲಕ್ಷ ಡಾಲರಿಗೆ ಏರಿತು. ಅದು ಅವರು ದುಡಿದ ಹಣ; ನಬಾಬರ ಗಂಟಿಗೂ ಅದಕ್ಕೂ ಹೋಲಿಕೆ ಸಲ್ಲದು. ಆದರೆ ಲೆಕ್ಕದ ಸೂತ್ರ ಬದಲಾಗಿಲ್ಲ. ಬ್ಯಾಂಕಿನಲ್ಲಿ ರೂಪಾಯಿ ಕಟ್ಟಿದವರಿಗೆ ಅಲ್ಲಿ ಡಾಲರ್ ಸಿಗಬೇಕಾದರೆ, ಇಲ್ಲಿಂದ ಯಾರೋ ಬಟ್ಟೆಯನ್ನೋ ಕಾಫಿಯನ್ನೋ ಕಳುಹಿಸಿ, ಇಲ್ಲವೇ ಬೆಂಗಳೂರಿನಲ್ಲಿ ಕುಳಿತು ಕಂಪ್ಯೂಟರಿನ ಕೆಲಸ ಮಾಡಿಕೊಟ್ಟು ಅದನ್ನು ಗಳಿಸಿರಬೇಕು. ಇಲ್ಲವೇ ಹೊರಗಿನ ಯಾರಾದರೂ ಇಲ್ಲಿಗೆ ಹಣ ತಂದಿರಬೇಕು. ವ್ಯತ್ಯಾಸವಿಷ್ಟೆ: ಇಂದು ಕಳುಹಿಸಿದವನಿಗೆ ಬೆಲೆ ಸಿಗುತ್ತದೆ. ಬಂಗಾಳದ ನೇಕಾರನ ಬಟ್ಟೆಗೆ ಬೆಲೆಯಾಗಿ ಸಂದದ್ದು ಅವನ ನೆರೆಯ ರೈತನ ಕಂದಾಯ.